ಹೊರಗಿನ ಬೇಟೆಗಾರನಿಗೆ ಹದಿನಾಲ್ಕು ಸೀಲು

ಒಂದು ಊರಿನ ಗುಡ್ಡದಲ್ಲಿ ಹೊರಗಿನವರಿಗೆ ಬೇಟೆಯ ಪರ್ಮಿಟ್ ಕೊಡಬೇಕೇ ಬೇಡವೇ ಎಂದು ನನ್ನನ್ನು ಯಾರೂ ಮರ್ಯಾದೆಯಿಂದ ಕೇಳಿದ್ದಿಲ್ಲ. ಕೇಳುವ ಅಗತ್ಯವೂ ಇಲ್ಲ. ನಾನು ಏಳನೇ ಕ್ಲಾಸಿಗೆ ಪುಸ್ತಕ ಮುಚ್ಚಿದವನು, ದೋಸೆ ಹುಯ್ಯುವವನು, ಹುಟ್ಟಿದಾಗಿನಿಂದ ಕೋವಿ ಮುಟ್ಟಿದವನಲ್ಲ. ಆದರೆ ಕೇಳದೆ ಅಭಿಪ್ರಾಯ ಹೇಳುವ ಕಾಯಿಲೆ ನನಗೆ ಮೊದಲಿಂದಲೂ ಇದೆ. ಮನಸ್ಸಿಗೆ ಬಂದದ್ದು ಬಾಯಿಗೆ ಬರುವ ಮುಂಚೆ ಎಲ್ಲಾದರೂ ಸ್ವಲ್ಪ ಹೊತ್ತು ಕೂತು ಬರಬೇಕಂತೆ. ನನ್ನದು ನೇರ ಬಸ್ಸು, ನಡುವೆ ಸ್ಟಾಪಿಲ್ಲ. ಇದರಿಂದ ಯಶವಂತಪುರದಲ್ಲಿ ಎರಡು ಹೋಟೆಲಿನ ಕೆಲಸ ಕಳೆದುಕೊಂಡಿದ್ದೇನೆ. ಜಪಾನಿನಲ್ಲಿ ಇನ್ನೂ ದೊಡ್ಡದು ಕಳೆದುಕೊಳ್ಳುವುದರಲ್ಲಿದ್ದೆ. ಅದನ್ನೇ ಹೇಳಲು ಹೊರಟಿದ್ದೇನೆ.

ತೋಕ್ಯೋ ಪಕ್ಕದ ಇಚಿಕಾವಾದಲ್ಲಿ ಮಂಜಣ್ಣ ಎಂಬುವವರ ಸಸ್ಯಾಹಾರಿ ಹೋಟೆಲಿದೆ. ನಾನು ಅಲ್ಲಿ ಅಡುಗೆಯವನು. ಸಂಜೆ ರೈಲಿನಿಂದ ಇಳಿದ ಬೆಂಗಳೂರು ಮೈಸೂರಿನ ಸಾಫ್ಟ್‌ವೇರ್ ಜನ ಮನೆಗೆ ಹೋಗುವ ಮುಂಚೆ ನಮ್ಮಲ್ಲಿಗೆ ನುಗ್ಗುತ್ತಿದ್ದರು. ಕೊರೊನಾ ಬಂತು, ರೈಲಿನಿಂದ ಇಳಿಯುವವರೇ ಇಲ್ಲವಾದರು. ಕುರ್ಚಿಗಳನ್ನು ಟೇಬಲ್ಲಿನ ಮೇಲೆ ಬೋರಲು ಹಾಕಿ ಒಂದು ತಿಂಗಳು ಅವುಗಳ ಕಾಲು ನೋಡಿಕೊಂಡು ಕೂತೆವು. ಆಮೇಲೆ ಮಂಜಣ್ಣನ ತಲೆಯಲ್ಲಿ ಒಂದು ಐಡಿಯಾ ಹುಟ್ಟಿತು. ನಮ್ಮದೇ ಚಿಬಾ ಜಿಲ್ಲೆಯ ದಕ್ಷಿಣಕ್ಕೆ, ಗುಡ್ಡಗಳ ನಡುವೆ, ಅವರಿಗೆ ಅಕ್ಕಿ ಹಾಕುವವನ ಸಂಬಂಧಿಕರದೊಂದು ಖಾಲಿ ಮನೆ, ಅದರ ಹಿಂದೆ ಖಾಲಿ ಹೊಲ ಇತ್ತು. ಕೆಲಸ ನಿಂತುಹೋದ ಪರದೇಶದವರು ಆ ವರ್ಷ ಹೊಲದಲ್ಲಿ ದುಡಿಯಬಹುದು ಎಂದು ವೀಸಾದವರೂ ಒಂದು ದಾರಿ ಮಾಡಿಕೊಟ್ಟಿದ್ದರು.

"ಲೋ ಶಿವು, ಜನ ಮನೇಲಿ ಕೂತು ಏನ್ ತಿಂತಾರೆ ಹೇಳು? ಕೊಂಬಿನಿ ಅಂಗಡಿ ಅನ್ನದುಂಡೆ ತಿಂದು ತಿಂದು ನಾಲಿಗೆ ಸತ್ತೋಗಿದೆ ಅವ್ರಿಗೆ. ನೀನು ಅವರೆಕಾಯಿ ಬೆಳಿ. ಅವರೆಕಾಯಿ ಅಂತ ಒಂದ್ ಮೆಸೇಜ್ ಹಾಕಿದ್ರೆ ವಾಟ್ಸಾಪ್ ಗ್ರೂಪಲ್ಲಿ ನೂಕುನುಗ್ಗಲಾಗುತ್ತೆ" ಎಂದರು ಮಂಜಣ್ಣ.

"ಅಣ್ಣ, ನಾನು ಅವರೆಕಾಯಿ ನೋಡಿರೋದು ಮಾರ್ಕೆಟ್ಟಲ್ಲಿ. ಅದು ಗಿಡದಲ್ಲಿ ಹೆಂಗಿರುತ್ತೆ ಅಂತಾನೂ ಗೊತ್ತಿಲ್ಲ."

"ಯೂಟ್ಯೂಬ್ ನೋಡು. ಬೆಳೆ ಬಂದ್ರೆ ಹೊಲ ಇಟ್ಕೊಳ್ಳೋಣ, ನೀನೂ ಇರ್ತೀಯ. ಬರ್ಲಿಲ್ಲ ಅಂದ್ರೆ, ಬೇಜಾರ್ ಮಾಡ್ಕೋಬೇಡ, ಫ್ಲೈಟ್ ಸಿಕ್ಕಿದ ಮೊದಲ್ನೇ ದಿನ ನಿನ್ನ ಊರಿಗೆ ಹತ್ತಿಸ್ತೀನಿ. ನನ್ ಕೈಲಿ ಆಗಲ್ಲ."

ಮಂಜಣ್ಣನೂ ನನ್ನ ಹಾಗೆಯೇ ನೇರ ಬಸ್ಸು. ಅದಕ್ಕೇ ನಮಗೆ ಹೊಂದುತ್ತದೆ.

ಹೀಗೆ ನಾನು ಆ ಊರಿಗೆ ಹೋದೆ. ನನ್ನದೂ ಸೇರಿ ಹದಿನೈದು ಮನೆ. ನನ್ನನ್ನು ಬಿಟ್ಟರೆ ಎಲ್ಲರಿಗಿಂತ ಚಿಕ್ಕವರು ಊರಿನ ಮುಖ್ಯಸ್ಥ ಯೋಶಿದಾ ಸಾನ್, ಅವರಿಗೆ ಅರವತ್ತೆಂಟು. ಸಾನ್ ಎಂದರೆ ನಮ್ಮಲ್ಲಿ ಹೆಸರಿನ ಮುಂದೆ ಹಾಕುವ 'ಅವರು' ಇದ್ದ ಹಾಗೆ. ಬಲು ನಯದ ಮನುಷ್ಯ. ಬಾಗಿಲ ಮುಂದೆ ಬಂದರೆ ಮೊದಲು ಹವಾಮಾನ, ಆಮೇಲೆ ಮೂಲಂಗಿ, ಆಮೇಲೆ ಮತ್ತೆ ಹವಾಮಾನ ಮಾತಾಡಿ ಹೊರಟುಹೋಗುತ್ತಿದ್ದರು. ಬಂದದ್ದು ಏತಕ್ಕೆ ಎಂದು ಎರಡು ದಿನವಾದ ಮೇಲೆ ನನಗೆ ಹೊಳೆಯುತ್ತಿತ್ತು: ನನ್ನ ಕಸದ ಚೀಲ ತಪ್ಪು ದಿನ ಹೊರಗಿಟ್ಟಿದ್ದೆ. ಇನ್ನೊಬ್ಬರು ಸಕಾಮೋತೋ ಸಾನ್, ಎಪ್ಪತ್ತೊಂಬತ್ತರ ಬೇಟೆಗಾರ. ಬೆಳೆ ತಿನ್ನುವ ಕಾಡುಹಂದಿ ಹೊಡೆಯಲು ಟೌನ್ ಆಫೀಸಿನಿಂದ ಪರ್ಮಿಟ್ ಇದ್ದದ್ದು ಅವರಿಗೆ ಮತ್ತು ಅವರಿಗಿಂತ ಹಿರಿಯರಾದ ಇಬ್ಬರು ಗೆಳೆಯರಿಗೆ. ಒಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ. ಇನ್ನೊಬ್ಬರಿಗೆ ಕಿವಿ ಚೆನ್ನಾಗಿತ್ತು, ಕಣ್ಣು ಕಾಣುತ್ತಿರಲಿಲ್ಲ. ಮೂವರೂ ಸೇರಿದರೆ ಒಬ್ಬ ಒಳ್ಳೆಯ ಬೇಟೆಗಾರ ಆಗುತ್ತಿದ್ದ.

ಅವರೆ ಬಂತು. ನನಗೇ ನಂಬಿಕೆಯಾಗಲಿಲ್ಲ. ಮೈಸೂರಿನವರೊಬ್ಬರು ಡಬ್ಬಿಯಲ್ಲಿ ತಂದಿಟ್ಟುಕೊಂಡಿದ್ದ ಒಣ ಅವರೆಯನ್ನೇ ಬಿತ್ತಿದ್ದೆ. ಬಳ್ಳಿ ಹಬ್ಬಿ, ಅಕ್ಟೋಬರಿನಲ್ಲಿ ಹೂ ಬಿಟ್ಟು, ಕಾಯಿ ಕಚ್ಚತೊಡಗಿತು. ದಿನಾ ಫೋಟೋ ತೆಗೆದು ಮಂಜಣ್ಣನಿಗೆ ಕಳಿಸುತ್ತಿದ್ದೆ. ಮಂಜಣ್ಣ ಗ್ರೂಪಿಗೆ ಹಾಕುತ್ತಿದ್ದರು. ನಲವತ್ತು ಮನೆಯವರು ಆಗಲೇ ಹೆಸರು ಬರೆಸಿದರು. ಒಬ್ಬಾಕೆಯಂತೂ ಕಾಯಿ ಬಲಿಯುವ ಮುಂಚೆಯೇ ಹಿತಕಿದ ಬೇಳೆ ಸಾರಿಗೆ ಮಸಾಲೆ ಹುರಿದಿಟ್ಟಿದ್ದರಂತೆ. ಆ ವಾರವೇ ಹಂದಿ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಮೂರು ಸಾಲು ಇಲ್ಲ. ತಿಂದುಕೊಂಡು ಹೋಗಿದ್ದರೆ ಹಸಿವು ಎಂದು ಬಿಡಬಹುದಿತ್ತು. ತಿಂದದ್ದು ಕಮ್ಮಿ, ಮೂತಿ ಹಾಕಿ ಉತ್ತದ್ದು ಜಾಸ್ತಿ. ಎರಡು ದಿನ ಬಿಟ್ಟು ಇನ್ನೆರಡು ಸಾಲು ಹೋಯಿತು. ಸಕಾಮೋತೋ ಸಾನ್ ಹತ್ತಿರ ಓಡಿದೆ. ಅವರು ಕಬ್ಬಿಣದ ಬೋನು ತೋರಿಸಿ, "ಇಟ್ಟಿದ್ದೀವಲ್ಲ. ಬೀಳುತ್ತೆ" ಎಂದರು. ಯಾವಾಗ ಎಂದೆ. "ಹಂದಿಗೆ ಬೇಕಾದಾಗ" ಎಂದರು.

ಆಗ ನನ್ನ ಮನೆಗೆ ಒಂದು ಹಲಗೆ ಬಂತು. ಅಲ್ಲಿನ ಊರುಗಳಲ್ಲಿ ಇದೊಂದು ಪದ್ಧತಿ. ಕ್ಲಿಪ್ಪು ಹಾಕಿದ ಹಲಗೆಯಲ್ಲಿ ಊರಿನ ನೋಟೀಸು ಸಿಕ್ಕಿಸಿ ಮನೆಯಿಂದ ಮನೆಗೆ ಕಳಿಸುತ್ತಾರೆ. ಪ್ರತಿ ಮನೆಯವರೂ ತಮ್ಮ ಹೆಸರಿನ ಪುಟ್ಟ ಕೆಂಪು ಸೀಲು ಒತ್ತಿ ಪಕ್ಕದ ಮನೆಗೆ ಕೊಡಬೇಕು. ನಾನು ಫೋನಿನ ಕ್ಯಾಮೆರಾ ಹಿಡಿದು ಓದಿಸಿದೆ. ಟೌನ್ ಆಫೀಸಿನವರ ನೋಟೀಸು. ಹಂದಿ ಕಾಟ ಹೆಚ್ಚಾಗಿರುವುದರಿಂದ ಈ ಚಳಿಗಾಲಕ್ಕೆ ಬೇರೆ ಜಿಲ್ಲೆಯಲ್ಲಿ ವಾಸಿಸುವ ಬೇಟೆಗಾರರಿಗೂ ಕೆಲವೇ ಕೆಲವು ಪರ್ಮಿಟ್ ಕೊಡುವ ಆಲೋಚನೆ ಇದೆ, ಊರಿನವರು ನೋಡುವುದು, ಎಂದಿತ್ತು. ಕೆಳಗೆ ಹದಿನಾಲ್ಕು ಮನೆಯ ಹದಿನಾಲ್ಕು ಸೀಲು, ಸಕಾಮೋತೋ ಸಾನ್ ಸೀಲೂ ಸೇರಿ. ನನಗೆ ಖುಷಿಯಾಗಿಹೋಯಿತು. ನಮ್ಮ ಬೆಂಗಳೂರಿನಲ್ಲಿ ಒಂದು ಕಾಗದಕ್ಕೆ ಸೀಲು ಬೀಳಲಿ ಎಂದು ಜನ ಊಟ ಬಿಟ್ಟು ಆಫೀಸು ಸುತ್ತುತ್ತಾರೆ. ಬಿತ್ತು ಎಂದರೆ ಕೆಲಸ ಆದ ಹಾಗೆ, ಸಿಹಿ ಹಂಚುವುದೊಂದೇ ಬಾಕಿ. ಇಲ್ಲಿ ಒಂದಲ್ಲ, ಹದಿನಾಲ್ಕು! ನನ್ನ ಹತ್ತಿರ ಹೆಸರಿನ ಸೀಲು ಇರಲಿಲ್ಲ. ಹೋಟೆಲಿನ ಪಾರ್ಸಲ್ ಕವರಿಗೆ ಹೊಡೆಯುವ ರಬ್ಬರ್ ಸ್ಟಾಂಪು ಇತ್ತು, ದೋಸೆಯ ಚಿತ್ರದ್ದು. ಅದನ್ನೇ ಗಟ್ಟಿಯಾಗಿ ಒತ್ತಿದೆ. ಹದಿನಾಲ್ಕು ಸೀಲಿನ ಪಕ್ಕ ಅವೆಲ್ಲಕ್ಕಿಂತ ದೊಡ್ಡದಾಗಿ ಒಂದು ದೋಸೆ ಬಿತ್ತು. ಹಲಗೆ ವಾಪಸು ಕೊಟ್ಟು ಬಂದು, ಅದೇ ಗಳಿಗೆಯಲ್ಲಿ ಮೋರಿ ಸಾನ್‌ಗೆ ಫೋನ್ ಮಾಡಿದೆ.

ಮೋರಿ ಸಾನ್ ತೋಕ್ಯೋದವನು, ಲಿಫ್ಟ್ ರಿಪೇರಿ ಕೆಲಸ. ಕೊರೊನಾ ಮುಂಚೆ ವಾರಕ್ಕೊಮ್ಮೆ ನಮ್ಮ ಹೋಟೆಲಿಗೆ ಬಂದು ಮಸಾಲೆ ದೋಸೆಯನ್ನು ಚಮಚ ಫೋರ್ಕಿನಲ್ಲಿ ಆಪರೇಷನ್ ಮಾಡಿ ತಿನ್ನುತ್ತಿದ್ದವನು. ಬೇಟೆಯ ಲೈಸೆನ್ಸ್ ಇದೆ, ಕೋವಿ ಇದೆ, ಆಸೆಯಂತೂ ಬೇಕಾದಷ್ಟಿದೆ. ಗುಡ್ಡ ಮಾತ್ರ ಇಲ್ಲ. "ಇಡೀ ಊರು ಸೀಲು ಹಾಕಿದೆ, ಬನ್ನಿ" ಎಂದೆ. "ಇಡೀ ಊರಾ? ನಿಜವಾಗ್ಲೂ?" ಎಂದು ಮೂರು ಸಲ ಕೇಳಿದ. ನಾನು ಮೂರು ಸಲವೂ ಹೌದು ಎಂದೆ.

ಶನಿವಾರ ಬೆಳಿಗ್ಗೆ ಬಂದ. ಕೋವಿ ತಂದಿರಲಿಲ್ಲ, ಪರ್ಮಿಟ್ ಕೈಗೆ ಬಂದ ಮೇಲೆ ತರುತ್ತೇನೆ, ಇವತ್ತು ಗುಡ್ಡ ನೋಡುತ್ತೇನೆ ಎಂದ. ಆದರೆ ಬೇಟೆಗಾರರ ಕಿತ್ತಳೆ ಬಣ್ಣದ ಜಾಕೆಟ್ಟು, ಟೋಪಿ ಹಾಕಿಕೊಂಡಿದ್ದ. ಕಾರಿಗೆ ತೋಕ್ಯೋ ನಂಬರ್ ಪ್ಲೇಟು. ಒಂದು ಜಿಲ್ಲೆಯವರು ಇನ್ನೊಂದು ಜಿಲ್ಲೆಗೆ ಹೋದರೆ ಜನ ದೆವ್ವ ನೋಡಿದ ಹಾಗೆ ನೋಡುತ್ತಿದ್ದ ಕಾಲ ಅದು. ಹತ್ತು ನಿಮಿಷದಲ್ಲಿ ಊರಿನ ಎಲ್ಲ ಕಿಟಕಿಗಳ ಪರದೆಗಳೂ ಒಂದೊಂದು ಬೆರಳು ಸರಿದವು. ಅರ್ಧ ಗಂಟೆಗೆ ಯೋಶಿದಾ ಸಾನ್ ಮಾಸ್ಕು ಹಾಕಿಕೊಂಡು, ಒಂದು ಚೀಲ ಕಾಕಿಹಣ್ಣು ಹಿಡಿದುಕೊಂಡು ಬಂದರು.

"ಅಷ್ಟು ದೂರದಿಂದ ಬಂದಿದ್ದೀರಿ. ದಾರೀಲಿ ತುಂಬಾ ಕಷ್ಟ ಆಗಿರಬೇಕು" ಎಂದರು.

ಮೋರಿ ಸಾನ್ ಮುಖ ಕೆಂಪಾಯಿತು. "ಸುಮಿಮಾಸೆನ್" ಎಂದ, ಕ್ಷಮಿಸಿ ಎಂದು.

"ಮಧ್ಯಾಹ್ನದ ಮೇಲೆ ಮಳೆ ಅಂತಿದ್ರು."

"ಸುಮಿಮಾಸೆನ್, ಸುಮಿಮಾಸೆನ್" ಎಂದು ಸೊಂಟ ಮುರಿಯುವಷ್ಟು ಬಗ್ಗಿದ.

"ಹಣ್ಣು ತಗೊಂಡು ಹೋಗಿ, ಕಾರಲ್ಲಿ ತಿನ್ನೋಕೆ."

ಎಷ್ಟು ಒಳ್ಳೆಯ ಜನ, ಬಂದವನಿಗೆ ಹಣ್ಣು ಕೊಟ್ಟು ಮಾತಾಡಿಸಿದರು ಎಂದು ನಾನು ಹಲ್ಲು ಬಿಟ್ಟುಕೊಂಡು ನಿಂತಿದ್ದೆ. ಅಷ್ಟರಲ್ಲಿ ಮೋರಿ ಸಾನ್ ಕಾರು ತಿರುಗಿಸಿ ಹೋಗಿಯೇಬಿಟ್ಟ. ಅಂದು ಸಂಜೆ ಫೋನ್ ಮಾಡಿ ವಿವರಿಸಿದ. ಅವರ ಬಾಯಲ್ಲಿ ಶಿವು ಹೋಗಿ ಶಿಬು ಆಗುತ್ತದೆ. "ಶಿಬು ಸಾನ್, ಹಣ್ಣು ಕೊಟ್ಟಿದ್ದು ಹೊರಡಿ ಅಂತ. ಆ ಸೀಲಿಗೆ ಒಪ್ಪಿಗೆ ಅಂತ ಅರ್ಥ ಅಲ್ಲ. ನೋಟೀಸು ಓದಿದ್ದೀನಿ ಅಂತ ಅಷ್ಟೇ."

"ಓದಿದ್ದಕ್ಕೆಲ್ಲ ಸೀಲು ಹೊಡೀತಾರಾ?" ಎಂದೆ.

"ಹೊಡೀತಾರೆ."

ಓದದೆಯೇ ಸೀಲು ಹೊಡೆಯುವ ಊರಿನಿಂದ ಬಂದವನಿಗೆ ಇದು ಹೇಗೆ ಗೊತ್ತಾಗಬೇಕು?

ಮುಂದಿನ ಭಾನುವಾರ ಊರಿನ ಮೀಟಿಂಗು ಕರೆದರು. ವಿಷಯ, ಹೊರಗಿನ ಬೇಟೆಗಾರರ ಪರ್ಮಿಟ್ಟು. ವಿಷಯ ನಾನೇ ಎಂದು ಯಾರೂ ಹೇಳಲಿಲ್ಲ, ಆದರೆ ನನಗೂ ಒಂದು ಕುರ್ಚಿ ಹಾಕಿದ್ದರು. ಕೊರೊನಾ ದೆಸೆಯಿಂದ ಸಮುದಾಯ ಭವನದ ಅಂಗಳದಲ್ಲಿ, ಕುರ್ಚಿಯಿಂದ ಕುರ್ಚಿಗೆ ಎರಡು ಮೀಟರ್ ಬಿಟ್ಟು, ಎಲ್ಲರೂ ಮಾಸ್ಕು ಹಾಕಿಕೊಂಡು ಕೂತೆವು. ಆ ಊರಿನಲ್ಲಿ ಕಿವಿ ಸರಿಯಿರುವವರು ಅರ್ಧ. ಹಾಗಾಗಿ ನಯವಾದ ಮಾತುಗಳನ್ನೆಲ್ಲ ಕಿರುಚಿ ಹೇಳಬೇಕಾಯಿತು. "ಎಲ್ಲರ ಅನುಕೂಲ ನೋಡಿಕೊಂಡು!" ಎಂದು ಯೋಶಿದಾ ಸಾನ್ ಕೂಗಿದರು. "ನಿಧಾನವಾಗಿ ಆಲೋಚಿಸೋಣ!" ಎಂದು ಆ ಕಡೆಯಿಂದ ಒಬ್ಬರು ಕೂಗಿದರು. ಅರ್ಧ ಗಂಟೆ ಹೀಗೆಯೇ ಕೂಗಿಕೊಂಡರು. ಹೌದು ಇಲ್ಲ ಎಂಬ ಎರಡು ಮಾತು ಬಿಟ್ಟು ಉಳಿದ ಮಾತೆಲ್ಲ ಬಂದವು. ನನ್ನ ತಲೆ ಬಿಸಿಯಾಯಿತು. ಎದ್ದು ನಿಂತೆ.

"ಸುಮಿಮಾಸೆನ್. ನನ್ನ ಹೊಲದಲ್ಲಿ ಇನ್ನು ಏಳು ಸಾಲು ಉಳಿದಿದೆ. ಅದು ಹೋದರೆ ನಾನು ಊರಿಗೆ ಹೋಗಬೇಕು. ನಿಮ್ಮ ಬೇಟೆಗಾರರು ಮೂರು ಜನ, ಮೂವರಿಗೂ ವಯಸ್ಸಾಗಿದೆ. ತೋಕ್ಯೋದಲ್ಲಿ ಬೇಟೆಗಾರ ಇದ್ದಾನೆ, ಅವನಿಗೆ ಹಂದಿ ಇಲ್ಲ. ಇಲ್ಲಿ ಹಂದಿ ಇದೆ. ಪರ್ಮಿಟ್ ಕೊಟ್ಟರೆ ಏನು ಕಷ್ಟ?"

ಯೋಶಿದಾ ಸಾನ್ ಆಕಾಶ ನೋಡಿದರು. ಸಕಾಮೋತೋ ಸಾನ್ ಮಾತ್ರ ಮಾಸ್ಕನ್ನು ಗಲ್ಲಕ್ಕೆ ಎಳೆದುಕೊಂಡರು.

"ಬೋನು ಇಟ್ಟವನು ದಿನಾ ಬೆಳಿಗ್ಗೆ ಹೋಗಿ ನೋಡಬೇಕು. ನಿನ್ನ ತೋಕ್ಯೋದವನು ದಿನಾ ಬರ್ತಾನಾ?"

"ಶನಿವಾರ ಬರ್ತಾನೆ."

"ಭಾನುವಾರ ಬಿದ್ದ ಹಂದಿ ಶನಿವಾರದವರೆಗೂ ಅವನಿಗೋಸ್ಕರ ಕಾಯ್ತಾ ಕೂತಿರುತ್ತಾ? ಒಂದು ವರ್ಷ ಹೊರಗಿನವನೊಬ್ಬ ಬಂದಿದ್ದ. ಹೊಡೆದ, ಗುರಿ ಸರಿ ಬೀಳಲಿಲ್ಲ, ಕತ್ತಲಾಗುತ್ತೆ ಅಂತ ಕಾರು ಹತ್ತಿ ಹೋದ. ಗಾಯದ ಹಂದಿನ ಮೂರು ದಿನ ಹುಡುಕಿದ್ದು ನಾನು. ನನ್ನ ನಾಯಿ ಹೊಟ್ಟೆ ಸೀಳಿಸಿಕೊಂಡಿತು. ಹೊಡೆಯೋದಕ್ಕೆ ಯಾರು ಬೇಕಾದರೂ ಬರ್ತಾರೆ ಕಣೋ. ಹೊಡೆದ ಮೇಲೆ ಇರೋರು ಯಾರು?"

ಉತ್ತರ ಇಲ್ಲದಾಗ ನಾನು ಇನ್ನೂ ಜೋರಾಗಿ ಮಾತಾಡುತ್ತೇನೆ. "ಹಾಗಾದರೆ ಹಂದಿಗೆ ಪರ್ಮಿಟ್ ಕೊಟ್ಟವರು ಯಾರು? ಅದೇನು ಈ ಊರಿನದ್ದಾ?" ಎಂದೆ.

ಹಿಂದಿನ ಸಾಲಿನ ಅಜ್ಜಿಯೊಬ್ಬರು, "ನಾನು ಮದುವೆಯಾಗಿ ಬಂದಾಗ ಇಲ್ಲಿ ಹಂದೀನೇ ಇರಲಿಲ್ಲ. ಬೇಟೆ ಆಡೋರೇ ಎಲ್ಲಿಂದಲೋ ತಂದು ಬಿಟ್ಟರು ಅಂತಿದ್ದರು" ಎಂದು ಕೂಗಿದರು. ನಾಲ್ಕೈದು ಮಾಸ್ಕುಗಳು ಒಳಗಿನಿಂದ ಅಲುಗಿದವು. ಸಕಾಮೋತೋ ಸಾನ್ ಮಾಸ್ಕು ಮೇಲಕ್ಕೆ ಏರಿಸಿಕೊಂಡರು.

ಮಾಸ್ಕಿನ ಒಳಗಿನಿಂದಲೇ ಅವರು, "ಇವನೇ ಹೊರಗಿನವನು. ಇವನು ಇನ್ನೊಬ್ಬ ಹೊರಗಿನವನನ್ನ ಕರೀತಾನೆ" ಎಂದು ಗೊಣಗಿದರು. ಅದಕ್ಕೆ ಯೋಶಿದಾ ಸಾನ್ ಬಹಳ ನಿಧಾನವಾಗಿ, ಆದರೆ ಕೂಗಿ, ಹೇಳಿದರು: "ಕಾಲುವೆ ಹೂಳೆತ್ತುವ ದಿನ ಶಿಬು ಸಾನ್ ಬಂದಿದ್ದರು. ಹುಲ್ಲು ಕತ್ತರಿಸುವ ದಿನವೂ ಬಂದಿದ್ದರು. ಎರಡು ಸಲವೂ ಎಲ್ಲರಿಗಿಂತ ಹೆಚ್ಚು ಬುಟ್ಟಿ ಹೊತ್ತರು." ಮೀಟಿಂಗು ಮುಗಿಯಿತು. ಏನು ತೀರ್ಮಾನವಾಯಿತು ಎಂದು ಯಾರೂ ಹೇಳಲಿಲ್ಲ. ಎಲ್ಲರೂ ಕುರ್ಚಿ ಮಡಚಿದರು. ನಾನು ಬೈದುಕೊಂಡು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಐದು ಗಂಟೆಗೆ ಮನೆಯ ಮುಂದೆ ಹಾರನ್ ಹೊಡೆದ ಸದ್ದು. ಸಕಾಮೋತೋ ಸಾನ್ ತಮ್ಮ ಪುಟ್ಟ ಬಿಳಿ ಟ್ರಕ್ಕಿನಲ್ಲಿ ಕೂತಿದ್ದರು. "ಹತ್ತು. ಬೋನು ನೋಡೋಕೆ" ಎಂದರು. ತೀರ್ಮಾನ ಇದೇ ಆಗಿತ್ತು. ಹೊರಗಿನವರಿಗೆ ಪರ್ಮಿಟ್ ಬೇಡ, ಇವನನ್ನು ಕೆಲಸಕ್ಕೆ ಹಚ್ಚೋಣ ಎಂದು ಹದಿನಾಲ್ಕು ಮನೆಯವರಿಗೂ ಗೊತ್ತಿತ್ತು, ನನ್ನೊಬ್ಬನನ್ನು ಬಿಟ್ಟು.

ಮಂಜಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವರು ಈರುಳ್ಳಿಯನ್ನೂ ಶ್ರಾವಣದಲ್ಲಿ ತಿನ್ನದವರು. "ಏನಾದ್ರೂ ಮಾಡ್ಕೊ ಮಾರಾಯ, ಅವರೆ ಉಳೀಬೇಕು. ಆದ್ರೆ ಹಂದಿ ಗಿಂದಿ ಅಂತ ನನ್ ಕಿವಿಗೆ ಹಾಕ್ಬೇಡ" ಎಂದರು. ಬಂದೂಕು ನನ್ನ ಕೆಲಸವಲ್ಲ, ಅದು ಸಕಾಮೋತೋ ಸಾನ್‌ದು. ಅಕ್ಕಿಯ ತೌಡಿನ ಮೂಟೆ ಹೊತ್ತು ಗುಡ್ಡ ಹತ್ತುವುದು, ಬೋನಿನ ಒಳಗೆ ಹರಡುವುದು, ಹೆಜ್ಜೆ ಗುರುತು ನೋಡುವುದು ನನ್ನದು. ಹತ್ತು ದಿನ ಏನೂ ಬೀಳಲಿಲ್ಲ. "ನಿನ್ನ ಮೈಯೆಲ್ಲ ಇಂಗು, ಒಗ್ಗರಣೆ. ಹಂದಿ ಬೆಟ್ಟದ ಆ ಕಡೆಯಿಂದಲೇ ಮೂಗು ಮುಚ್ಚಿಕೊಂಡು ವಾಪಸು ಹೋಗುತ್ತೆ" ಎಂದು ಮುದುಕ ಬೈದರು. "ಹಾಗಾದರೆ ನನ್ನನ್ನೇ ಹೊಲದಲ್ಲಿ ನಿಲ್ಲಿಸಿ, ಬೋನು ಯಾಕೆ?" ಎಂದೆ. ಅವತ್ತು ಮೊದಲ ಸಲ ಅವರು ನಕ್ಕದ್ದು. ಆದರೂ ಒಂದು ವಾರ ಒಗ್ಗರಣೆ ಬಿಟ್ಟೆ, ಬರೀ ಮೊಸರನ್ನ ತಿಂದೆ. ಆ ಹೊತ್ತಿಗೆ ಇನ್ನೂ ಎರಡು ಸಾಲು ಹೋಗಿತ್ತು.

ಹದಿನೆಂಟನೇ ದಿನ ಬಿತ್ತು. ದೊಡ್ಡದು, ಕಬ್ಬಿಣಕ್ಕೆ ಮೂತಿ ಗುದ್ದಿಕೊಂಡು ರಕ್ತ ಮಾಡಿಕೊಂಡಿತ್ತು. ಇಷ್ಟು ದಿನ ಬೈದ ಬೈಗುಳ ಒಂದೂ ನೆನಪಿಗೆ ಬರಲಿಲ್ಲ. ಸಕಾಮೋತೋ ಸಾನ್ ನನ್ನನ್ನು ಹಿಂದೆ ನಿಲ್ಲಿಸಿ, ಒಂದೇ ಗುಂಡಿನಲ್ಲಿ ಮುಗಿಸಿದರು. ಆಮೇಲೆ ಟೋಪಿ ತೆಗೆದು ಕೈ ಜೋಡಿಸಿದರು. ನಾನೂ ಜೋಡಿಸಿದೆ. ಮತ್ತೆ ಅದನ್ನು ರಸ್ತೆಯವರೆಗೆ ಎಳೆದು ತಂದೆವು. ತಂದೆವು ಎನ್ನುವುದು ಮರ್ಯಾದೆಗೆ. ಎಳೆದವನು ನಾನು, ಅವರು ದಾರಿ ತೋರಿಸಿದರು. ಆ ಚಳಿಗಾಲ ಇನ್ನೂ ಎರಡು ಬಿದ್ದವು.

ಐದು ಸಾಲು ಅವರೆ ಉಳಿಯಿತು. ನಲವತ್ತು ಮನೆಗೂ ಹೋಯಿತು, ಒಂದೊಂದು ಮನೆಗೆ ಒಂದೊಂದು ಸಾರಿಗಾಗುವಷ್ಟು. ಮಸಾಲೆ ಹುರಿದಿಟ್ಟಿದ್ದ ಆಕೆ ಗ್ರೂಪಿನಲ್ಲಿ ಬರೆದರು: "ಕಾಯಿ ಚೆನ್ನಾಗಿದೆ, ಸೊಗಡು ಮಾತ್ರ ಸಾಲದು." ಆ ಮೆಸೇಜಿನ ಕೆಳಗೆ ಮೂವತ್ತು ಜನ ಸೊಗಡಿನ ಬಗ್ಗೆ ಎರಡು ದಿನ ಜಗಳವಾಡಿದರು. ಮಂಜಣ್ಣ ಫೋನ್ ಮಾಡಿ, "ಜಗಳ ಆಡ್ತಿದಾರೆ ಅಂದ್ರೆ ಮುಂದಿನ ವರ್ಷಾನೂ ತಗೋತಾರೆ. ಡಬಲ್ ಹಾಕು" ಎಂದರು. ಹೊಲ ಉಳಿಯಿತು. ನಾನೂ ಉಳಿದೆ.

ಮರುವರ್ಷ ಅದೇ ನೋಟೀಸು ಮತ್ತೆ ಬಂತು, ಅದೇ ಅಂಗಳದಲ್ಲಿ ಅದೇ ಎರಡು ಮೀಟರ್ ದೂರದಲ್ಲಿ ಕೂತೆವು. ಯೋಶಿದಾ ಸಾನ್ ಎಲ್ಲರ ಅಭಿಪ್ರಾಯ ಕೇಳಿದರು. ಅಷ್ಟರಲ್ಲಿ ಯಾರೋ, "ಹೊರಗಿನವರಿಗೆ ಗುಡ್ಡದ ದಾರಿ ಗೊತ್ತಿಲ್ಲ. ವಾರಕ್ಕೊಮ್ಮೆ ಬಂದು ಫೋಟೋ ತೆಗೆದುಕೊಂಡು ಹೋಗ್ತಾರೆ. ಪರ್ಮಿಟ್ ಬೇಡ" ಎಂದು ಕೂಗಿದರು. ಈ ಊರಿನಲ್ಲಿ ಇಷ್ಟು ಖಡಾಖಂಡಿತ ಮಾತಾಡುವ ಮುದುಕ ಯಾರಪ್ಪ ಎಂದು ಸುತ್ತ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಸಕಾಮೋತೋ ಸಾನ್ ಕೋಲು ಊರಿಕೊಂಡು ಎದ್ದರು. "ಒಬ್ಬನಿಗೆ ಕೊಡೋಣ. ಆ ತೋಕ್ಯೋ ಹುಡುಗ ಬರಲಿ. ನನ್ನ ಮೊಣಕಾಲು ಕೈ ಕೊಟ್ಟಿದೆ" ಎಂದರು.

"ನಾನಿದ್ದೀನಲ್ಲ! ಬೋನು ನಾನು ನೋಡಲ್ವಾ ದಿನಾ?"

"ನೋಡ್ತೀಯ. ಬಿದ್ದ ಮೇಲೆ ಏನು ಮಾಡ್ತೀಯ? ಸೌಟಲ್ಲಿ ಹೊಡೀತೀಯಾ?"

ಅಂಗಳವೆಲ್ಲ ನಕ್ಕಿತು. ಒಂದು ಪರ್ಮಿಟ್ಟು, ಒಂದೇ ಒಂದು, ಮೋರಿ ಸಾನ್‌ಗೆ ಸಿಕ್ಕಿತು. ವಿರೋಧ ಹೇಳಿದವನು ನಾನೊಬ್ಬನೇ.

ಮೋರಿ ಸಾನ್ ಒಳ್ಳೆಯ ಮನುಷ್ಯ. ಗುರಿಯೂ ಪರವಾಗಿಲ್ಲ. ನನ್ನನ್ನು ಕೇಳದೆ ಗುಡ್ಡದಲ್ಲಿ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಆದರೂ ಶನಿವಾರ ಬೆಳಿಗ್ಗೆ ಅವನ ಕಾರು ತಿರುವಿನಲ್ಲಿ ಕಾಣಿಸುವ ಮುಂಚೆಯೇ ನಾನು ಹೋಗಿ ರಸ್ತೆಯ ಬದಿ ನಿಂತಿರುತ್ತೇನೆ. ಸ್ವಾಗತ ಮಾಡಲು ಅಲ್ಲ. ಈ ಹೊರಗಿನವರನ್ನು ಹಾಗೇ ಬಿಟ್ಟರೆ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುತ್ತಾರೆ.